ಮಲಕವ್ವನ ಕಾಕಾ

ರೊಟ್ಟಿ ಬಡಿಯುವ ಸಪ್ಪಳವನ್ನು ಮುಚ್ಚಿಡಲು ಬರುವುದಿಲ್ಲ. ಖಂಡಪ್ಪ ಎಲ್ಲವನ್ನೂ ಮಾಡಿ ನೋಡಿದ್ದ. ಕಿಟಕಿ ಹಾಕಿಕೊಂಡು ಬಡಿದರೆ ಹೊಗೆ ತುಂಬಿ ಕೂಸು ಕೆಮ್ಮುತ್ತಿತ್ತು. ಹಲಗೆಯ ಕೆಳಗೆ ಗೋಣಿತಟ್ಟು ಹಾಸಿದರೆ ಹಲಗೆ ಅಲುಗಾಡಿ ಹಿಟ್ಟು ಹರಿಯುತ್ತಿತ್ತು. ಮೆಲ್ಲಗೆ ಬಡಿದರೆ ರೊಟ್ಟಿ ದಪ್ಪಗಾಗಿ ಮಗಳು ಮಲಕವ್ವ ಮುಟ್ಟುತ್ತಲೇ ಇರಲಿಲ್ಲ. ಹೆಂಡತಿ ಗುರುಬಾಯಿ ನರ್ಸಿನ ಬಿಳಿ ಸೀರೆ ಉಟ್ಟು ಟಿಕೋಟಾದ ಮೊದಲ ಬಸ್ಸಿಗೆ ಹೋದಳೆಂದರೆ ಆ ಮನೆಯಲ್ಲಿ ಉಳಿಯುವ ದೊಡ್ಡ ಜೀವ ಒಂದೇ ಎಂಬುದು ಜಲನಗರದ ಆ ಓಣಿಗೆಲ್ಲ ಗೊತ್ತಿತ್ತು. ಹಾಗಿರುವಾಗ ಆ ಪಟಪಟ ಸಪ್ಪಳ ಯಾರ ಕೈಯದೆಂದು ಹೇಳಲು ಜೋಯಿಸರೇನೂ ಬೇಕಿರಲಿಲ್ಲ. ಮೊದಮೊದಲು ಆ ಸಪ್ಪಳ ಅವನ ಕಿವಿಗೇ ಕೇಳಿಸಿ ಬೆವರು ಬರುತ್ತಿತ್ತು. ಹತ್ತಿಯ ಬೀಜ ಬಿಡಿಸುವ ಜೀನು ಕಾರ್ಖಾನೆಯಲ್ಲಿ ಕಾರಕೂನನಾಗಿದ್ದಾಗ ಯಂತ್ರದ ಅಷ್ಟು ದೊಡ್ಡ ಗದ್ದಲದಲ್ಲೂ ಅವನ ತಲೆ ನೋಯುತ್ತಿರಲಿಲ್ಲ. ಜೀನು ಮುಚ್ಚಿತು, ಕೂಸು ಹುಟ್ಟಿತು, ಗುರುಬಾಯಿಯದು ಸರಕಾರಿ ನೌಕರಿ, ಕೂಸಿನ ಕಡೆ ಯಾರಾದರೂ ಇರಲೇಬೇಕಲ್ಲ. ಅಷ್ಟೇ ಕಥೆ. ಯಾರೂ ಏನೂ ನಿರ್ಧಾರ ಮಾಡಿರಲಿಲ್ಲ. ಒಂದು ಬೆಳಿಗ್ಗೆ ಅವನು ಕೈತೊಳೆದುಕೊಂಡು ಹಿಟ್ಟಿಗೆ ನೀರು ಹಾಕಿದ್ದ. ಆ ಕೈ ಇನ್ನೂ ಹಿಟ್ಟಿನಲ್ಲೇ ಇತ್ತು.

ಇವತ್ತು ಐತವಾರವಾದರೂ ಗುರುಬಾಯಿ ಹೋಗಿದ್ದಳು. ಟಿಕೋಟಾದಲ್ಲಿ ಯಾವಳಿಗೋ ಚೊಚ್ಚಲ ಹೆರಿಗೆ, ನೋವು ನಿನ್ನೆಯಿಂದ ಬಂದು ಬಂದು ಹೋಗುತ್ತಿತ್ತಂತೆ. ಹೊರಡುವಾಗ ಕೂಸಿಗೆ ಹಾಲೂಡಿಸುತ್ತ ಕುಳಿತವಳ ಕಣ್ಣು ತಾವೇ ಮುಚ್ಚಿಕೊಳ್ಳುತ್ತಿದ್ದವು. ಅವಳಿಗೂ ದಣಿವು, ಅವನಿಗೂ ದಣಿವು. ಇಬ್ಬರ ದಣಿವೂ ಒಂದೇ ಮನೆಯಲ್ಲಿ ಮುಖಾಮುಖಿಯಾದಾಗ ಮಾತು ಬೇಡವೆನಿಸುತ್ತಿತ್ತು. "ತೊಟ್ಟಲಾ ಯಾಕ ಕೊಟ್ರಿ?" ಎಂದು ಅಷ್ಟೇ ಕೇಳಿದಳು. "ಕೇಳಿದ್ರು, ಕೊಟ್ಟೆ," ಎಂದ. "ಇವ ಮಧ್ಯಾಹ್ನ ಎಲ್ಲಿ ಮಲಗ್ತಾನ ಮತ್ತ?" ಅವನು ಕೂಸನ್ನು ತನ್ನ ಕೈಗೆ ತೆಗೆದುಕೊಂಡ. ಬಸ್ಸಿಗೆ ಹೊತ್ತಾಗಿತ್ತು. ತೊಟ್ಟಿಲು ಅವಳ ತವರು ಬಬಲೇಶ್ವರದಿಂದ ಬಂದದ್ದು, ಮಲಕವ್ವ ಹುಟ್ಟಿದಾಗ ಅವಳಪ್ಪ ಬಡಿಗನ ಎದುರು ಕುಂತು ಮಾಡಿಸಿ, ಕೆಂಪು ಹಸಿರು ಬಣ್ಣ ಹಚ್ಚಿಸಿ, ತಾನೇ ಚಕ್ಕಡಿಯಲ್ಲಿ ತಂದಿದ್ದ. ಅವನು ಖಂಡಪ್ಪನನ್ನು ಇನ್ನೂ "ಕಾರಕೂನರ" ಎಂದೇ ಕರೆಯುತ್ತಾನೆ. ಪಾಪ, ಒಳ್ಳೆಯ ಮನುಷ್ಯ. ಆದರೆ ಆ ಶಬ್ದ ಕೇಳಿದಾಗಲೆಲ್ಲ ಖಂಡಪ್ಪನಿಗೆ ಎದ್ದು ಹೊರಗೆ ಹೋಗಬೇಕೆನಿಸುತ್ತದೆ.

ತೊಟ್ಟಿಲು ಕೇಳಲು ಬಂದವನು ಪಕ್ಕದ ಮನೆಯ ಸಿದ್ದರಾಯ. ಕೋರ್ಟಿನಲ್ಲಿ ಗುಮಾಸ್ತ, ಗಣಪತಿ ಹಬ್ಬಕ್ಕೆ ಓಣಿಯವರು ಆಡುವ ನಾಟಕ ಬರೆಯುವವನೂ ಅವನೇ. ಈ ಸಲ ಹಾಸ್ಯ ನಾಟಕವಂತೆ. ಮೂವರು ಗಂಡಂದಿರು. ಮೂವರ ಹೆಂಡಂದಿರೂ ನೌಕರಿಗೆ ಹೋಗುತ್ತಾರೆ. ಇವರು ನಳದ ಹತ್ತಿರ ಕೊಡ ಇಟ್ಟುಕೊಂಡು, ಕಂಕುಳಲ್ಲಿ ಕೂಸು ಇಟ್ಟುಕೊಂಡು, ಯಾರ ಕೂಸಿಗೆ ಹಲ್ಲು ಬಂತು ಯಾರ ಕೂಸಿಗೆ ಭೇದಿ ಹತ್ತಿತು ಎಂದು ಮಾತಾಡುತ್ತಾರೆ. ಇಷ್ಟನ್ನು ಸಿದ್ದರಾಯ ಹೊಸ್ತಿಲ ಹೊರಗೆ ನಿಂತು, ಮುಖ ಗಂಭೀರ ಮಾಡಿಕೊಂಡು, ಯಾವುದೋ ದೂರದ ಊರಿನ ಸುದ್ದಿಯಂತೆ ಹೇಳಿದ. "ನಿಮ್ಮನ್ನ ನೋಡಿ ಬರದದ್ದಲ್ಲ ಖಂಡಪ್ಪಣ್ಣ, ಮತ್ತ ತಪ್ಪ ತಿಳೀಬ್ಯಾಡ್ರಿ," ಎಂದೂ ಸೇರಿಸಿದ. ಅದನ್ನು ಹೇಳದಿದ್ದರೆ ಖಂಡಪ್ಪನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಅವನ ಹಿಂದೆ ನಿಂತಿದ್ದವನು ಫಕ್ರುದ್ದೀನ, ಗಾಂಧಿ ಚೌಕದಲ್ಲಿ ಅಂಗಿ ಹೊಲಿಯುವವನು, ಊರಿಗೇ ಹೆಸರಾದ ನಗಿಸುವವ, ನಾಟಕದ ಮೊದಲ ಗಂಡ ಅವನೇ. ಅವನು ಮಾತ್ರ ಒಳಗೆ ಬಂದು ಕೂಸಿನ ಗಲ್ಲ ಹಿಡಿದು ಮಾತಾಡಿಸಿದ. ಆಮೇಲೆ ಸ್ವಲ್ಪ ನಾಚಿಕೊಂಡು, "ಅಣ್ಣಾ, ಒಂದೀಟ ಕೂಸಿನ ಎತಗೊಂಡು ನಡದ ತೋರಸ್ರಿ. ನಂದ ಖರೇ ಅನಸವಲ್ದು," ಎಂದ. ಖಂಡಪ್ಪ ಎದ್ದು ಕೂಸನ್ನು ಸೊಂಟಕ್ಕೇರಿಸಿ ಅಡುಗೆಮನೆಯ ತನಕ ಹೋಗಿ ತಿರುಗಿ ಬಂದ. ಟವೆಲ್ಲು ಹೆಗಲಿನ ಮೇಲೆ ಯಾವ ಕಡೆ, ಜೊಲ್ಲು ಒರೆಸುವ ಬೆರಳು ಯಾವುದು, ಎಲ್ಲವನ್ನೂ ತೋರಿಸಿದ. ಯಾಕೆ ತೋರಿಸಿದೆ ಎಂದು ಅವತ್ತು ನೀರು ಕಾಯಿಸುತ್ತ ತನ್ನನ್ನೇ ಬೈದುಕೊಂಡ. ಖರೇ ಹೇಳಬೇಕೆಂದರೆ, ಬಹಳ ದಿನಗಳ ಮೇಲೆ ಯಾರೋ ಅವನನ್ನು ಒಂದು ವಿಷಯ ಬಲ್ಲವನೆಂದು ಕೇಳಿಕೊಂಡು ಬಂದಿದ್ದರು. ಅದು ಅವನಿಗೆ ಹಿತವಾಗಿತ್ತು. ಆ ಹಿತಕ್ಕೇ ಈಗ ನಾಚಿಕೆ.

ನಿನ್ನೆ ತೊಟ್ಟಿಲು ಒಯ್ಯಲು ಇಬ್ಬರೂ ಬಂದಾಗ ಅವನು ಅಡುಗೆಮನೆಗೆ ಹೋಗಿ ಒರಳಿನ ಗುಂಡಕಲ್ಲು ತೊಳೆದು ತಂದು, ಕೂಸಿನ ತಲೆಗೆ ಹೊದಿಸುವ ಹಳೆಯ ಕುಂಚಿಗೆಯಲ್ಲಿ ಸುತ್ತಿ ತೊಟ್ಟಿಲೊಳಗೆ ಮಲಗಿಸಿದ. ಸಿದ್ದರಾಯ ನಕ್ಕ. "ಇದೇನ್ರಿ, ಕಲ್ಲಿನ ಕೂಸು?" ಖಂಡಪ್ಪ ಅವನ ಮುಖ ನೋಡದೆ, "ಖಾಲಿ ತೊಟ್ಟಲಾ ಮನಿ ಬಿಟ್ಟ ಹೋಗಬಾರದರಿ. ಖಾಲಿ ತೂಗಬಾರದು. ತೂಗೂದಿದ್ರ ಇದು ಒಳಗ ಇರಲಿ," ಎಂದ. ಹೇಳುವಾಗಲೇ ಆ ಮಾತು ತನ್ನದಲ್ಲ, ಕನಮಡಿಯಲ್ಲಿರುವ ತನ್ನ ತಾಯಿ ಮುದುಕವ್ವನದು ಎಂದು ಗೊತ್ತಾಯಿತು. ಮಲಕವ್ವ ಸಣ್ಣವಳಿದ್ದಾಗ ಒಮ್ಮೆ ಖಾಲಿ ತೊಟ್ಟಿಲು ಜೀಕಿದ್ದಕ್ಕೆ ಮುದುಕವ್ವ ಅವಳ ಕೈಮೇಲೆ ಚಟ್ಟನೆ ಹೊಡೆದಿದ್ದಳು. ಮಲಗುವ ಕೂಸಿಗೆ ಕೇಡು ಅಂತ. ಆಗ ಖಂಡಪ್ಪ ದಿನಪತ್ರಿಕೆ ಮಡಚಿಟ್ಟು, "ಯವ್ವಾ, ಇವೆಲ್ಲಾ ಹೆಂಗಸರ ಹುಚ್ಚ," ಎಂದು ಗಟ್ಟಿಯಾಗಿ ನಕ್ಕಿದ್ದ. ಎಸ್ಸೆಸ್ಸೆಲ್ಸಿ ಪಾಸಾದವನ ನಗು ಅದು. ಈಗ ಅದೇ ಹುಚ್ಚು ರೊಟ್ಟಿಯ ಜೊತೆ, ಕೂಸಿನ ಲಂಗೋಟಿಯ ಜೊತೆ, ದೃಷ್ಟಿ ತೆಗೆಯುವ ಉಪ್ಪು ಮೆಣಸಿನಕಾಯಿಯ ಜೊತೆ ಅವನೊಳಗೆ ಬಂದು ಕುಳಿತಿತ್ತು. ಕೆಲಸ ಕಲಿತರೆ ಅದರ ಅಂಜಿಕೆಯೂ ಕೂಡಿಯೇ ಬರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಊಟವಾದ ಮೇಲೆ ಮಲಕವ್ವ ತಾನೇ ಜಡೆ ಹಾಕಿಕೊಳ್ಳಲು ಹೋಗಿ ಸೋತು, ಮುಖ ಸಿಂಡರಿಸಿ ಅವನ ಮುಂದೆ ಬಂದು ಕುಳಿತಳು. ಮೂರನೆಯ ಇಯತ್ತೆ. ಕೂದಲು ತಾಯಿಯಂತೆ ದಪ್ಪ. ಅವನ ಬೆರಳು ಈಗ ಜಡೆಯಲ್ಲಿ ಪಳಗಿದ್ದವು. ಆದರೂ ಅವಳು ರಿಬ್ಬನ್ನಿನ ಗಂಟು ಮಾತ್ರ ತಾನೇ ಬಿಗಿದುಕೊಳ್ಳುತ್ತಿದ್ದಳು. "ನಾಟಕದ ತಾಲೀಮು ನೋಡಾಕ ಹೊಂಟೇನಿ. ನಮ್ಮ ಸಾಲಿ ಹುಡುಗ್ಯಾರೆಲ್ಲಾ ಬರ್ತಾರ. ಅಕ್ಕೋರೂ ಬರ್ತಾರ," ಎಂದಳು. "ಹೋಗಿ ಬಾ," ಎಂದ. ಅವಳು ಬಾಗಿಲ ತನಕ ಹೋಗಿ ನಿಂತಳು. "ನೀ ಬರಬ್ಯಾಡ." ಅವನು "ಇಲ್ಲ," ಎಂದ. ರಿಬ್ಬನ್ನಿನ ಗಂಟು ಮತ್ತೊಮ್ಮೆ ಬಿಗಿದುಕೊಂಡು ಓಡಿದಳು.

ಯಾಕೆ ಬರಬಾರದೆಂದು ಅವನು ಕೇಳುವ ಹಾಗಿರಲಿಲ್ಲ, ಗೊತ್ತಿತ್ತಲ್ಲ. ಮೊನ್ನೆ ಸಾಲೆ ಬಿಡುವ ಹೊತ್ತಿಗೆ ಅವನು ಎಂದಿನಂತೆ ಕೂಸನ್ನು ಎತ್ತಿಕೊಂಡು ಗೇಟಿನಿಂದ ದೂರ, ಬೇವಿನ ಗಿಡದ ಕೆಳಗೆ ನಿಂತಿದ್ದ. ದೂರ ನಿಲ್ಲು ಎಂದವಳೂ ಮಲಕವ್ವನೇ, ಮನೆಯ ತನಕ ಹಿಂದಿನಿಂದ ನಡೆದು ಬಾ ಎಂದವಳೂ ಅವಳೇ. ಅವನು ಎಲ್ಲದಕ್ಕೂ ಹೂಂ ಎಂದಿದ್ದ. ಸಾಲೆ ಬೇರೆ ಓಣಿಯದು, ಅಲ್ಲಿ ಅವನ ಮನೆ ಬಲ್ಲವರಿರಲಿಲ್ಲ. ಅವತ್ತು ಅವಳಿಗೆ ಪಾಠ ಹೇಳುವ ಪರಸವ್ವ ಅಕ್ಕೋರು ತಾವಾಗಿಯೇ ಅವನ ಕಡೆ ಬಂದರು. ಮಲಕವ್ವ ಅವರ ಹಿಂದೆಯೇ ಪಾಟಿಚೀಲ ಎದೆಗವಚಿ ನಿಂತಿದ್ದಳು. "ನೀವು ಮಲಕವ್ವನ ಕಾಕಾ ಅಲ್ಲೇನ್ರಿ? ಅವರಪ್ಪ ಸೊಲ್ಲಾಪುರ ಮಿಲ್ಲಿನಾಗ ಅದಾರಂತ, ರಜಾ ಸಿಗಂಗಿಲ್ಲಂತ ಹೇಳ್ತಿರ್ತಾಳ. ಅವರು ಬಂದಾಗ ಒಮ್ಮಿ ಸಾಲಿಗೆ ಬರಾಕ ಹೇಳ್ರಿ. ಹುಡುಗಿ ಭಾಳ ಶಾಣ್ಯಾ ಅದಾಳ." ಖಂಡಪ್ಪ ಅಕ್ಕೋರ ಹೆಗಲಿನ ಮೇಲಿಂದ ಮಗಳನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಕಣ್ಣು ಪಿಳುಕಿಸದೆ. ಒಂದು ಮಾತಿನಿಂದ ಆ ಮುಖವನ್ನು ಸಾಲೆಯ ಮುಂದೆ ಸುಳ್ಳುಗಾತಿ ಮಾಡಬಹುದಿತ್ತು. ಅಪ್ಪನಾದವನು ಹಾಗೆ ಮಾಡುತ್ತಾನೆಯೇ? "ಹೌದ್ರಿ. ಹೇಳ್ತೇನ್ರಿ," ಎಂದ. ತನ್ನ ದನಿ ಎಷ್ಟು ಸರಳವಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಮನೆಗೆ ಬರುವಾಗ ಮಲಕವ್ವ ಎಂದಿಗಿಂತ ಮುಂದೆ, ಎಂದಿಗಿಂತ ಜೋರಾಗಿ ನಡೆದಳು. ಅವಳ ಮಾನ ಉಳಿಸಿದೆನೆಂದು ಅವನು ತಿಳಿದುಕೊಂಡ. ಅದನ್ನು ಗುರುಬಾಯಿಗೂ ಹೇಳಲಿಲ್ಲ. ಇವತ್ತಿನ ತನಕ ಅವನು ಕಾಪಾಡಿಕೊಂಡು ಬಂದದ್ದು ಅದೊಂದನ್ನೇ: ಮಗಳ ಸಾಲೆಯವರ ಎದುರು ತಾನು ಅವಳ ಅಪ್ಪನೆಂದು ಎಲ್ಲೂ ಬಾಯಿಬಿಡಬಾರದು.

ಕೂಸು ಅಮೋಘಿ ನೆಲದ ಮೇಲೆ ಮಲಗಲೊಲ್ಲ. ಕೌದಿ ಹಾಸಿ ತಟ್ಟಿದ, ಕಾಲಿನ ಮೇಲೆ ಹಾಕಿಕೊಂಡು ತೂಗಿದ, ಬಾಯಲ್ಲಿ ಬೆಲ್ಲ ಇಟ್ಟ. ಅದಕ್ಕೆ ತೊಟ್ಟಿಲೇ ಬೇಕು. ಜಂತಿಗೆ ಖಾಲಿ ಸರಪಳಿ ಜೋತಾಡುತ್ತಿತ್ತು, ಕೂಸು ಅದನ್ನೇ ನೋಡಿ ಅಳುತ್ತಿತ್ತು. ಕೊನೆಗೆ ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದ. ಬಿಸಿಲು ಇಳಿದಿರಲಿಲ್ಲ. ಈ ಕಡೆಯಿಂದ ಆ ಕಡೆ, ಆ ಕಡೆಯಿಂದ ಈ ಕಡೆ. ತಾಲೀಮು ನಡೆದಿದ್ದ ಮೈದಾನದ ಗಣಪತಿ ಮಂಟಪದ ಕಡೆಯಿಂದ ನಗು ಕೇಳಿಸುತ್ತಿತ್ತು, ಒಮ್ಮೆ ಬಂದು ನಿಂತು ಮತ್ತೆ ದೊಡ್ಡದಾಗಿ ಬರುತ್ತಿತ್ತು. ಹೋಗಬಾರದೆಂದುಕೊಂಡೇ ಅವನ ಕಾಲು ಆ ಕಡೆ ಒಂದೊಂದು ಮನೆಯಷ್ಟು ಹೆಚ್ಚು ಹೋಗತೊಡಗಿದವು. ನನ್ನನ್ನು ಏನು ಮಾಡಿದ್ದಾರೋ ನೋಡಬೇಕು ಎಂಬ ಚಟ. ಹುಣ್ಣು ಕೆರೆದುಕೊಳ್ಳುವವನ ಚಟ ಅದು. ಮಂಟಪದ ಹಿಂದಿನ ಪರದೆಯ ಪಕ್ಕಕ್ಕೆ, ಯಾರಿಗೂ ಕಾಣದಂತೆ ನಿಂತ.

ಫಕ್ರುದ್ದೀನ ರಂಗದ ಮೇಲಿದ್ದ. ಹೆಗಲಿಗೆ ಟವೆಲ್ಲು, ಸೊಂಟದಲ್ಲಿ ಬಟ್ಟೆಯ ಗೊಂಬೆ. ಅವನು ನಡೆದ. ಅಯ್ಯ ದೇವರೇ, ಅದು ತನ್ನದೇ ನಡಿಗೆ. ಎಡಗಡೆ ಸ್ವಲ್ಪ ವಾಲಿ, ಬಲಗೈ ಬೀಸಿ, ಅಲ್ಲಲ್ಲಿ ನಿಂತು ಬೆನ್ನು ನೆಟ್ಟಗೆ ಮಾಡಿಕೊಳ್ಳುವ ನಡಿಗೆ. ಆಮೇಲೆ ಕುಳಿತು ಖಾಲಿ ಕೈಯಿಂದ ರೊಟ್ಟಿ ಬಡಿದ. ಬಡಿಯುತ್ತ ಬಡಿಯುತ್ತ ಆಚೀಚೆ ನೋಡಿ, ಯಾರೋ ಕೇಳಿಸಿಕೊಂಡರೆಂದು ಸಪ್ಪಳ ಸಣ್ಣದು ಮಾಡಿದ. ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಉರುಳಾಡಿ ನಕ್ಕರು. ಖಂಡಪ್ಪನಿಗೂ ನಗು ಬಂತು, ಫಕ್ಕನೆ, ತಡೆಯಲಾಗದಂತೆ. ನಗುತ್ತಿರುವಾಗಲೇ ಹೊಳೆಯಿತು. ಅಂದರೆ ಎಲ್ಲರಿಗೂ ಕೇಳಿಸಿತ್ತು, ಅವನು ಮೆಲ್ಲಗೆ ಬಡಿಯುವುದೂ ಕೇಳಿಸಿತ್ತು. ಮುಂದಿನ ಸಾಲಿನ ಚಾಪೆಯ ಮೇಲೆ ಮಲಕವ್ವ ಗೆಳತಿಯರ ನಡುವೆ ಕುಳಿತಿದ್ದಳು. ಅವಳು ನಗುತ್ತಿರಲಿಲ್ಲ. ಪಕ್ಕದ ಹುಡುಗಿ ಮೈಮೇಲೆ ಬಿದ್ದು ನಕ್ಕಾಗ ಅವಳೂ ಹಲ್ಲು ತೋರಿಸಿ ಮತ್ತೆ ಬಾಯಿ ಮುಚ್ಚಿದಳು. ಅದರ ಹಿಂದೆ ಕುರ್ಚಿಯಲ್ಲಿ ಪರಸವ್ವ ಅಕ್ಕೋರು. ಖಂಡಪ್ಪ ಪರದೆಯೊಳಗೆ ಇನ್ನಷ್ಟು ಸರಿದ.

ಆಮೇಲೆ ತೊಟ್ಟಿಲು. ಬಿದಿರಿಗೆ ಹಗ್ಗದಿಂದ ಕಟ್ಟಿದ್ದರು. ಫಕ್ರುದ್ದೀನ ಜೋಗುಳ ಹಾಡುತ್ತ ತೂಗತೊಡಗಿದ, ಗೊಂಬೆ ಇನ್ನೂ ಅವನ ಸೊಂಟದಲ್ಲೇ ಇತ್ತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಮರೆತು ಬರಿಯ ತೊಟ್ಟಿಲು ತೂಗುವ ಗಂಡ, ಅದೇ ನಗೆ. ಗುಂಡಕಲ್ಲು ಎಲ್ಲಿ? ಕುಂಚಿಗೆ ಸಮೇತ ಬಿದಿರಿನ ಬುಡದಲ್ಲಿ ಬಿದ್ದಿತ್ತು, ಭಾರವಾಯಿತೆಂದು ತೆಗೆದಿದ್ದರೇನೋ. ತೊಟ್ಟಿಲು ಕಿರ್ ಎಂದು ಹೋಗಿ ಕಿರ್ ಎಂದು ಬಂತು. ನಗು ಹೆಚ್ಚಾದಂತೆ ಫಕ್ರುದ್ದೀನ ಇನ್ನೂ ಜೋರಾಗಿ ನೂಕಿದ. ಇದು ಹೆಂಗಸರ ಹುಚ್ಚು, ಖಂಡಪ್ಪ ತನಗೆ ಹೇಳಿಕೊಂಡ. ಕಟ್ಟಿಗೆ, ಹಗ್ಗ, ಗಾಳಿ, ಇನ್ನೇನು? ಎಸ್ಸೆಸ್ಸೆಲ್ಸಿ ಪಾಸಾದವನು ನೀನು. ಆಗ ಹೆಗಲಿನ ಮೇಲೆ ಅಮೋಘಿಯ ಅಳು ನಿಂತಿರುವುದು ಗೊತ್ತಾಯಿತು. ಯಾವಾಗ ನಿಂತಿತೋ. ಕೂಸಿನ ಕೈ ಅವನ ಬೆನ್ನ ಮೇಲೆ ಸಡಿಲಾಗಿ ಜೋತು ಬಿದ್ದಿತ್ತು, ತಲೆ ಕುತ್ತಿಗೆಯಲ್ಲಿ ಭಾರವಾಗಿತ್ತು. ನಿದ್ದೆ ಬಂದಿದೆ. ನಿದ್ದೆಯೇ ಬಂದಿದೆ. ಮೂಗಿನ ಹತ್ತಿರ ಬೆರಳು ಹಿಡಿದ. ನಗುವಿನಲ್ಲಿ, ತೊಟ್ಟಿಲಿನ ಕಿರಗುಟ್ಟುವಿಕೆಯಲ್ಲಿ, ತನ್ನದೇ ಎದೆಯ ಬಡಿತದಲ್ಲಿ ಉಸಿರು ಕಾಣಲಿಲ್ಲ. ಮತ್ತೆ ಹಿಡಿದ. ಕಾಣಲಿಲ್ಲ.

ಪರದೆ ಸರಿಸಿ ರಂಗದ ಮೇಲೆ ಹೇಗೆ ಬಂದನೋ ಅವನಿಗೆ ನೆನಪಿಲ್ಲ. ಎರಡೂ ಕೈ ಬೇಕಾಗಿತ್ತು, ಒಂದೇ ಇತ್ತು. ಬರುವ ತೊಟ್ಟಿಲನ್ನು ಎದೆಯಿಂದ ತಡೆದ. ಅದು ಪಕ್ಕೆಲುಬಿಗೆ ಬಡಿದು ನಿಂತಿತು. ಕೂಸು ಬೆಚ್ಚಿ ಎದ್ದು ಕಿರುಚಿ ಅತ್ತಿತು. ಆಹಾ, ಅಳು. ಅವನು ಕೂಸಿನ ಬೆನ್ನು ತಟ್ಟಿದ. ಆಮೇಲೆ ಅಲ್ಲಿಯವರೆಗೆ ನಕ್ಕಿದ್ದೆಲ್ಲ ಏನೂ ಅಲ್ಲ ಎಂಬಂತೆ ನಗು ಎದ್ದಿತು. ಒಂದೇ ಥರದ ಟವೆಲ್ಲು, ಒಂದೇ ಥರದ ವಾಲುವಿಕೆ, ಇಬ್ಬರು ಎದುರುಬದುರು! ಸಿದ್ದರಾಯ ಕೂಗಿದ, "ಭಾಳ ಛಲೋ ಆತು! ಇದನ್ನೂ ನಾಟಕದಾಗ ಹಾಕೂಣು, ಇದನ್ನೂ ಹಾಕೂಣು!" ಫಕ್ರುದ್ದೀನ ಮಾತ್ರ ನಗಲಿಲ್ಲ. ಖಂಡಪ್ಪನ ಮುಖ ಹತ್ತಿರದಿಂದ ಕಂಡವನು ಅವನೊಬ್ಬನೇ. "ಅಣ್ಣಾ, ಏನಾತ್ರಿ?" ಎಂದು ಮೆಲ್ಲಗೆ ಕೇಳಿದ.

"ಖಾಲಿ ತೂಗಬ್ಯಾಡ್ರಿ," ಎಂದ ಖಂಡಪ್ಪ. ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. "ನನ್ನ ಮಕ್ಕಳು ಮಲಗೂ ತೊಟ್ಟಲಾರಿ ಇದು. ಈ ಅಮೋಘಿ, ಅಕಿ ಮಲಕವ್ವ, ಇಬ್ಬರೂ ಇದರಾಗ ಮಲಗಿ ದೊಡ್ಡವರಾಗ್ಯಾರ. ನಾ ಅವರಪ್ಪ ಅದೇನಿ. ಕೈಮುಗಿತೇನ್ರಿ, ಖಾಲಿ ತೂಗಬ್ಯಾಡ್ರಿ."

ಹೇಳಿಬಿಟ್ಟಿದ್ದ. ಹೇಳಿದ ಮೇಲೆ ಕೇಳಿಸಿತು ಏನು ಹೇಳಿದೆನೆಂದು. ಹುಡುಗಿಯರ ತಲೆಗಳೆಲ್ಲ ಮಲಕವ್ವನ ಕಡೆ ತಿರುಗಿದವು. "ಕಾಕಾ ಅಂದಿದ್ದೆಲ್ಲಲೇ?" ಎಂದು ಯಾವಳೋ ಅಂದಳು. ಪರಸವ್ವ ಅಕ್ಕೋರು ಕುರ್ಚಿಯಿಂದ ಅರ್ಧ ಎದ್ದು, ಅವನನ್ನು ನೋಡಿ, ಹುಡುಗಿಯನ್ನು ನೋಡಿ, ಮತ್ತೆ ಕುಳಿತರು. ಮಲಕವ್ವ ಎದ್ದು ನಿಂತಳು. ಲಂಗದ ಧೂಳು ಝಾಡಿಸಿಕೊಂಡಳು, ಅದು ಗುರುಬಾಯಿಯ ರೀತಿ, ಸಿಟ್ಟು ಬಂದಾಗ ಅವಳು ಮಾಡುವುದೂ ಅದನ್ನೇ. ಚಾಪೆಯ ಮೇಲೆ ಕುಳಿತವರ ಕಾಲುಗಳನ್ನು ದಾಟಿ, ಯಾರನ್ನೂ ತಾಗದೆ, ಮಂಟಪದಿಂದ ಹೊರಗೆ ಹೋದಳು.

ಅವನು ಹಿಂದೆ ನಡೆದ. ತೊಟ್ಟಿಲು, ಕಲ್ಲು, ಸಿದ್ದರಾಯನ ಕೂಗು, ಎಲ್ಲ ಹಿಂದೆ ಉಳಿದವು. ಅವಳು ಎಷ್ಟು ಜೋರಾಗಿ ನಡೆದಳೆಂದರೆ ಅಳುವ ಕೂಸನ್ನು ಹೊತ್ತು ಅವನಿಗೆ ಸರಿಗಟ್ಟಲಾಗಲಿಲ್ಲ. ಆಮೇಲೆ ರೂಢಿಯಂತೆ ತಾನೇ ನಿಧಾನ ಮಾಡಿದ, ಅವಳಿಗೆ ಬೇಕಾದ ಅಂತರ ಬಿಟ್ಟ. ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡ. ನಾಳೆ ಸಾಲೆಗೆ ಹೋಗಬೇಡವೆನ್ನಬೇಕು. ಬಬಲೇಶ್ವರಕ್ಕೆ ಅಜ್ಜನ ಕಡೆ ಕೆಲವು ದಿನ ಕಳಿಸಬೇಕು, ಅಲ್ಲಿಯೂ ಸಾಲೆ ಇದೆ. ಅಕ್ಕೋರ ಮನೆಗೆ ಹೋಗಿ, ಅದು ಹುಡುಗಿಯ ತಪ್ಪಲ್ಲ, ನಾನೇ ಹಾಗೆ ಹೇಳಲು ಹಚ್ಚಿದ್ದೆ ಎನ್ನಬೇಕು. ಹೌದು, ಅದು ಒಳ್ಳೆಯದು, ಸುಳ್ಳು ತನ್ನ ಮೇಲೆ ಬರಲಿ. ಇಷ್ಟು ದಣಿವಿನಲ್ಲೂ ಸುಳ್ಳು ಹೊಳೆಯುತ್ತದಲ್ಲ ಎಂದು ಅಸಹ್ಯವಾಯಿತು. ಓಣಿಯ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ಅವನೂ ನಿಂತ. ಅವಳು ತಿರುಗಿ ನೋಡಿದಳು. ಅತ್ತಿರಲಿಲ್ಲ. ಮುಖ ಕೆಂಪಗಾಗಿತ್ತು.

"ಇಲ್ಲೆ ಬಾ," ಎಂದಳು.

ಅವನು ಹತ್ತಿರ ಹೋದ. "ತಪ್ಪಾತವ್ವ," ಎಂದ. "ನಾ ಬರಬಾರದಾಗಿತ್ತು. ನಿನ್ನ ಗೆಳತ್ಯಾರ ಮುಂದ ಹಂಗ ಅನಬಾರದಾಗಿತ್ತು. ಅಕ್ಕೋರಿಗೆ ನಾನ ಹೇಳ್ತೇನಿ, ನಾನ ಹೇಳಾಕ ಹಚ್ಚಿದ್ದೆ ಅಂತ…"

"ಅದಲ್ಲ," ಎಂದಳು ಮಲಕವ್ವ. ಮಾತು ಸಿಗದೆ ಕಾಲಿನಿಂದ ನೆಲ ಒದ್ದಳು. "ಮೊನ್ನಿ ಅಕ್ಕೋರು ಕೇಳಿದಾಗ ನೀ ಯಾಕ ಹೌದಂದಿ?"

ಅವನಿಗೆ ತಿಳಿಯಲಿಲ್ಲ. "ನಿನ್ನ ಸಲುವಾಗಿ… ನೀ ಹಂಗ ಹೇಳಿದ್ದೆಲ್ಲಾ ಅಂತ…"

"ನಾ ಸುಳ್ಳ ಹೇಳಿದ್ದೆ." ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು. "ನಾ ಹುಡುಗಿ, ಸುಳ್ಳ ಹೇಳ್ತೇನಿ. ಅಲ್ಲೇ ಹಿಂದ ನಿಂತಿದ್ದೆ ನಾ. ಬೈತಿ ಅಂತ ನಿಂತಿದ್ದೆ. 'ಇಲ್ರಿ, ನಾ ಅಕಿ ಅಪ್ಪ' ಅಂತೀ ಅಂತ ನಿಂತಿದ್ದೆ. ನಾ 'ನಮ್ಮಪ್ಪ ಅಲ್ಲ' ಅಂದ್ರ, ನೀನೂ 'ಅಲ್ಲ' ಅನ್ನೂದೇನ?"

ಖಂಡಪ್ಪ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. ಅವಳು ಉತ್ತರಕ್ಕಾಗಿ ಕತ್ತೆತ್ತಿ ಅವನನ್ನು ನೋಡುತ್ತ ನಿಂತೇ ಇದ್ದಳು. ಮಂಟಪದಿಂದ ಯಾರೋ ಇಬ್ಬರು ಹುಡುಗಿಯರು ಅವರ ಕಡೆಗೇ ಓಡಿ ಬರುತ್ತಿದ್ದರು. ಮಲಕವ್ವ ಅವರನ್ನು ಕಂಡಳು, ಆದರೂ ಅವನಿಂದ ದೂರ ಸರಿದು ನಿಲ್ಲಲಿಲ್ಲ.